ಕೊಡಗಿನ ಜಗಲಿಗೊಂದು ಹೈಡ್ರೋಪೋನಿಕ್ ಕಂಬ: ಆರಡಿ ಪೈಪು, ಹದಿನಾರು ಗಿಡ

ಕೊಡಗಿನಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಯಲು ಹೊರಟವರಿಗೆ ನೀರಿನ ಚಿಂತೆ ಇಲ್ಲ. ಕಾಡುವುದು ಬೇರೆ ಮೂರು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ ತೋರಿಸದ ಬಿಸಿಲು, ಲೈನಿನ ಮೇಲೆ ಕೊಂಬೆ ಬಿದ್ದಾಗೆಲ್ಲ ಹೋಗುವ ಕರೆಂಟು, ಡ್ರಮ್ಮಿಗೆ ಇಳಿದು ಗೊಬ್ಬರದ ನೀರನ್ನು ಸಪ್ಪೆ ಮಾಡುವ ಮಳೆ. ಆದ್ದರಿಂದ ಪೈಪು ಕೊಳ್ಳುವ ಮೊದಲು ಜಾಗ ನೋಡಿ. ಸೂರಿನ ಒಳಗೇ ಇರಬೇಕು, ಆದರೂ ಅಕ್ಟೋಬರ್‌ನಿಂದ ಮೇವರೆಗೆ ದಿನಕ್ಕೆ 4 ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಪೂರ್ವಕ್ಕೆ ತೆರೆದ ಜಗಲಿಯ ಅಂಚು ಸರಿ. ಸಿಲ್ವರ್ ಓಕ್ ನೆರಳಲ್ಲಿ ಲೆಟ್ಯೂಸ್ ಕಡ್ಡಿಯಂತೆ ಉದ್ದವಾಗುತ್ತದೆ, ಎಲೆ ಕಟ್ಟುವುದಿಲ್ಲ.

ಕಂಬ ಕೆಲಸ ಮಾಡುವುದು ಹೀಗೆ: ಡ್ರಮ್ಮಿನ ಗೊಬ್ಬರದ ನೀರನ್ನು ಪಂಪು ತುದಿಗೆ ಏರಿಸುತ್ತದೆ, ಅದು ಬದಿಯ ಸೀಳುಗಳಲ್ಲಿ ಕೂತ ಗಿಡಗಳ ಬೇರು ತೋಯಿಸುತ್ತ ಮತ್ತೆ ಡ್ರಮ್ಮಿಗೆ ಇಳಿಯುತ್ತದೆ. ಬೇಕಾದದ್ದು: 110 ಮಿ.ಮೀ. ಪಿವಿಸಿ ಪೈಪು 6 ಅಡಿ, ಅದಕ್ಕೊಂದು ಮುಚ್ಚಳ (ಎಂಡ್ ಕ್ಯಾಪ್); ಬೆಳಕು ಒಳಹೋಗದ, ಮುಚ್ಚಳವಿರುವ 25 ಲೀಟರ್ ಡ್ರಮ್ಮು; 16 ಮಿ.ಮೀ. ಡ್ರಿಪ್ ಪೈಪು 2 ಮೀಟರ್, ಸಬ್‌ಮರ್ಸಿಬಲ್ ಪಂಪು, ಟೈಮರ್, 2 ಇಂಚಿನ ನೆಟ್ ಪಾಟ್ (ಜಾಲರಿಯ ಪುಟ್ಟ ಕುಂಡ) 16, ಕೋಕೋಪೀಟ್, ಜೇಡಿಯ ಉಂಡೆ, ಹಾಟ್ ಏರ್ ಗನ್.

ಪಂಪಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಡ್ರಮ್ಮಿನ ನೀರಿನ ಮಟ್ಟದಿಂದ ಕಂಬದ ತುದಿಗೆ ಸುಮಾರು 1.5 ಮೀಟರ್ ಏರಬೇಕು. ಅಕ್ವೇರಿಯಂ ಅಂಗಡಿಯ 1.8 ಮೀಟರ್ ಹೆಡ್ ಪಂಪು ಸಾಕೆನಿಸುತ್ತದೆ. ಆದರೆ ಆ ಅಂಕಿ ನೀರು ಹರಿಯುವುದು ನಿಂತೇ ಹೋಗುವ ಎತ್ತರ. ಅದಕ್ಕಿಂತ ಒಂದಡಿ ಕೆಳಗೆ ಸಿಗುವುದು ಸಣ್ಣ ಸೋರಿಕೆಯಷ್ಟೇ. 2.5 ಮೀಟರ್ ಹೆಡ್‌ನದ್ದೇ ಕೊಳ್ಳಿ.

ಪೈಪಿನ ಸುತ್ತಳತೆ 34.5 ಸೆಂ.ಮೀ. ಉದ್ದಕ್ಕೆ ನಾಲ್ಕು ಗೆರೆ ಎಳೆಯಿರಿ, ನಡುವೆ 8.6 ಸೆಂ.ಮೀ. ಕೆಳಗಿನ 55 ಸೆಂ.ಮೀ. ಬಿಟ್ಟುಬಿಡಿ, ಅದರ ಬಹುಪಾಲು ಡ್ರಮ್ಮಿನೊಳಗೆ ಹೋಗುತ್ತದೆ. ಅಲ್ಲಿಂದ 15 ಸೆಂ.ಮೀ.ಗೊಂದರಂತೆ 8 ಹಂತ. ಪ್ರತಿ ಹಂತದಲ್ಲಿ ಎದುರುಬದುರು ಎರಡು ಸೀಳು. ಮುಂದಿನ ಹಂತದಲ್ಲಿ ಉಳಿದೆರಡು ಗೆರೆಗಳ ಮೇಲೆ. ಒಂದೇ ಹಂತದಲ್ಲಿ ಮೂರು ಸೀಳು ಕೊಯ್ದರೆ ನಡುವೆ ಉಳಿಯುವ ಪ್ಲಾಸ್ಟಿಕ್ಕು ಎರಡೂವರೆ ಸೆಂ.ಮೀ. ಮಾತ್ರ, ಬಿಸಿ ಮಾಡಿದೊಡನೆ ಕಂಬ ಅಲ್ಲಿಯೇ ಬಾಗುತ್ತದೆ.

ಸೀಳಿನ ಅಗಲ 9 ಸೆಂ.ಮೀ., ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಕ್ಕೆ ಒಂದೇ ಗೀಟು. ಅದರ ಕೆಳಗಿನ ಐದಾರು ಸೆಂ.ಮೀ. ಭಾಗಕ್ಕೆ ಗನ್ನನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತ ಶಾಖ ಕೊಡಿ. ಪೈಪು ತೊಗಲಿನಂತೆ ಮೆತ್ತಗಾದಾಗ, ತುದಿ ಚೂಪು ಮಾಡಿದ 5 ಸೆಂ.ಮೀ. ದಪ್ಪದ ಗೂಟವನ್ನು (ಕಿತ್ತ ಕಾಫಿ ಗಿಡದ ಕಾಂಡ ಇದಕ್ಕೆ ಹೇಳಿ ಮಾಡಿಸಿದ್ದು) ಸೀಳಿಗೆ ತುರುಕಿ ಓರೆಯಾಗಿ ಹಿಡಿದು ಒದ್ದೆ ಬಟ್ಟೆ ಒತ್ತಿ. ಅರ್ಧ ನಿಮಿಷದಲ್ಲಿ ಜೇಬಿನಂಥ ಬಾಯಿ ಸಿದ್ಧ. ಬಾಯಿಯ ತುಟಿ ಮೇಲ್ಮುಖವಾಗಿರಲೇಬೇಕು. ಕೆಳಕ್ಕೆ ಜೋತಿದ್ದರೆ ನೀರು ತುಟಿ ಹಿಡಿದು ಹೊರಗೆ ತೊಟ್ಟಿಕ್ಕುತ್ತದೆ, ರಾತ್ರಿಯೊಳಗೆ ಡ್ರಮ್ಮು ಬರಿದು. ಕೆಲಸ ಅಂಗಳದಲ್ಲೇ ಆಗಲಿ: ಸುಟ್ಟ ಪಿವಿಸಿ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಪೈಪು ಕಂದಾದರೆ ಶಾಖ ಹೆಚ್ಚಾಯಿತೆಂದು ಅರ್ಥ.

ಡ್ರಮ್ಮಿನ ಮುಚ್ಚಳದಲ್ಲಿ ಪೈಪಿನಷ್ಟೇ ರಂಧ್ರ ಕೊರೆದು ಕಂಬವನ್ನು ತಳಕ್ಕೆ ಇಳಿಸಿ. ಪೈಪಿನ ಬುಡದಲ್ಲಿ ನಾಲ್ಕು ಕಚ್ಚು ಮಾಡಿ. ನೀರು ಅಲ್ಲಿಂದ ಹೊರಬರುತ್ತದೆ, ಡ್ರಿಪ್ ಪೈಪು ಅಲ್ಲಿಂದಲೇ ಒಳಹೋಗುತ್ತದೆ. ಮೇಲೆ, ತುದಿಯಿಂದ ಐದು ಸೆಂ.ಮೀ. ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ ಕೂರಿಸಿ. ನಡುವೆ ಡ್ರಿಪ್ ಪೈಪಿಗೆ ತೂತು, ಅಂಚಿನ ಸುತ್ತ 4 ಮಿ.ಮೀ.ನ ಹನ್ನೆರಡು ತೂತು. ನೀರು ನಡುವೆ ಧುಮುಕದೆ ಗೋಡೆ ಹಿಡಿದು ಇಳಿದರೇ ಬೇರಿಗೆ ಸಿಗುವುದು. ಕಂಬದ ತಲೆಯನ್ನು ಜಗಲಿಯ ಕಂಬಕ್ಕೆ ತಂತಿಯಿಂದ ಬಿಗಿಯಿರಿ. ಪ್ಲಗ್ ಡ್ರಮ್ಮಿಗಿಂತ ಎತ್ತರದಲ್ಲಿರಲಿ, ವೈರು ಕೆಳಕ್ಕೆ ಬಾಗಿ ಮೇಲೆ ಹೋಗಲಿ, ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು) ಇರಲಿ.

ಗೊಬ್ಬರ, 20 ಲೀಟರ್ ನೀರಿಗೆ: ಕ್ಯಾಲ್ಸಿಯಂ ನೈಟ್ರೇಟ್ 12 ಗ್ರಾಂ, 13:0:45 (ಪೊಟ್ಯಾಸಿಯಂ ನೈಟ್ರೇಟ್) 6 ಗ್ರಾಂ, 0:52:34 (ಮೋನೋ ಪೊಟ್ಯಾಸಿಯಂ ಫಾಸ್ಫೇಟ್) 3 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 6 ಗ್ರಾಂ, ಜೊತೆಗೆ ಹೈಡ್ರೋಪೋನಿಕ್‌ಗೆಂದೇ ಬರುವ ಚೀಲೇಟೆಡ್ ಸೂಕ್ಷ್ಮ ಪೋಷಕ ಮಿಶ್ರಣ ಪೊಟ್ಟಣದಲ್ಲಿ ಬರೆದಷ್ಟು. ಕಾಫಿಗೆ ಸಿಂಪಡಿಸುವ ಸತು ಹೆಚ್ಚಿರುವ ಮಿಶ್ರಣ ಬೇಡ. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಮಗ್ಗಿನಲ್ಲಿ ಕರಗಿಸಿ ಕೊನೆಗೆ ಹಾಕಿ. ಗಟ್ಟಿ ದ್ರಾವಣಗಳು ನೇರ ಸೇರಿದರೆ ಬಿಳಿ ಗಸಿ ಕೂರುತ್ತದೆ, ಅದು ಬೇರಿಗೆ ದಕ್ಕುವುದಿಲ್ಲ. ಇ.ಸಿ. (ನೀರಿನಲ್ಲಿ ಕರಗಿದ ಗೊಬ್ಬರದ ಸಾಂದ್ರತೆ ತೋರಿಸುವ ಅಳತೆ) 1.2ರಿಂದ 1.5, ಪಿ.ಎಚ್. (ಹುಳಿ-ಕ್ಷಾರದ ಅಳತೆ) 5.5ರಿಂದ 6.5 ನಡುವೆ ಇರಲಿ. ಎಳೆ ಸಸಿಗೆ ಮೊದಲ ವಾರ ಅರ್ಧ ಪ್ರಮಾಣ.

ಗೊಬ್ಬರದ ಕೊಠಡಿಯಲ್ಲಿರುವ 10:26:26 ಪೂರ್ತಿ ಕರಗುವುದಿಲ್ಲ. 19:19:19 ಕರಗುತ್ತದೆ, ಆದರೆ ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ. ಮಣ್ಣಿನ ಸೂಕ್ಷ್ಮಜೀವಿಗಳಿಲ್ಲದ ನೀರಿನಲ್ಲಿ ಗಿಡಕ್ಕೆ ಅದು ಸುಲಭಕ್ಕೆ ಸಿಗದು. ಪಿ.ಎಚ್. ಇಳಿಸಲು ಅಡುಗೆಮನೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದರೆ ಅಂದು ಇಳಿದು ಎರಡೇ ದಿನಕ್ಕೆ ಏರುತ್ತದೆ, ಬ್ಯಾಕ್ಟೀರಿಯಾ ಆ ಆಮ್ಲವನ್ನು ತಿಂದು ಲೋಳೆ ಕಟ್ಟುತ್ತವೆ. ಕಾಚಂಪುಳಿ ಪಂದಿಕರಿಗೇ (ಹಂದಿಮಾಂಸದ ಸಾರಿಗೇ) ಇರಲಿ. ಇಲ್ಲಿಗೆ ತೆಳು ಫಾಸ್ಫೋರಿಕ್ ಆಮ್ಲ, ಹನಿ ಹನಿಯಾಗಿ.

ಸಸಿಯನ್ನು ಕೋಕೋಪೀಟ್‌ನಲ್ಲಿ ಎಬ್ಬಿಸಿ, ಎರಡು ವಾರ ದಾಟಿ ಬೇರು ನೆಟ್ ಪಾಟಿನಿಂದ ಇಣುಕಿದ ಮೇಲೆ ಕಂಬಕ್ಕೆ ಸೇರಿಸಿ. ಲೆಟ್ಯೂಸ್, ಪಾಲಕ್, ತುಳಸಿ ಜಾತಿಯ ಬೇಸಿಲ್, ಪುದಿನ ಒಗ್ಗುತ್ತವೆ. ಟೊಮೇಟೊ ಬೇಡ, ಅದರ ಬೇರು ಒಂದೇ ಹಂಗಾಮಿನಲ್ಲಿ ಪೈಪನ್ನು ತುಂಬಿ ಕೆಳಗಿನವಕ್ಕೆ ನೀರು ಬಿಡದು.

ಪಂಪು ಹಗಲು 15 ನಿಮಿಷ ಓಡಿ 15 ನಿಮಿಷ ನಿಲ್ಲಲಿ. ರಾತ್ರಿ ಗಂಟೆಗೊಮ್ಮೆ 15 ನಿಮಿಷ ಸಾಕು. ತಿರುಗುವ ಹಲ್ಲಿನ ಅಗ್ಗದ ಟೈಮರ್ ಕರೆಂಟು ಹೋದಾಗ ತಾನೂ ನಿಂತು, ಬಂದ ಮೇಲೆ ಹಿಂದುಳಿದೇ ಓಡುತ್ತದೆ: ನಾಲ್ಕು ಗಂಟೆ ಕರೆಂಟಿಲ್ಲದಿದ್ದರೆ ಹಗಲಿನ ಓಟ ನಾಲ್ಕು ಗಂಟೆ ತಡ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಕರೆಂಟು ಬರುವವರೆಗೆ ಗಂಟೆಗೊಂದು ಬಾರಿ ಎರಡು ಮಗ್ಗು ದ್ರಾವಣವನ್ನು ಮೇಲಿನ ತಟ್ಟೆಗೆ ಸುರಿದರೆ ಬೇರು ಒಣಗುವುದಿಲ್ಲ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ, ಹೆಚ್ಚಾಗಿ ಪಿ.ಎಚ್. ಏರಿರುತ್ತದೆ. ಹಳೆಯ ಎಲೆಯಲ್ಲಿ ಹೀಗಾದರೆ ಮೆಗ್ನೀಸಿಯಂ. ಎಳೆ ಎಲೆಯ ಅಂಚು ಸುಟ್ಟಂತಾದರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪಿಲ್ಲ: ಮಂಜು ಮುಸುಕಿದ ತೇವದ ದಿನಗಳಲ್ಲಿ ಎಲೆಯಿಂದ ನೀರು ಆವಿಯಾಗದೆ ಹೀಗಾಗುತ್ತದೆ. ಗೊಬ್ಬರ ಹೆಚ್ಚಿಸಬೇಡಿ, ಗಾಳಿಯಾಡಲು ಬಿಡಿ. ಬೇರು ಕಂದಾಗಿ ವಾಸನೆ ಹೊಡೆದರೆ ಅದು ಕೊಳೆರೋಗ. ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ನೀರು 28 ಡಿಗ್ರಿ ದಾಟಿದಾಗ ಬರುವುದು ಹೆಚ್ಚು. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿ.

ಎರಡು ವಾರಕ್ಕೊಮ್ಮೆ ದ್ರಾವಣ ಪೂರ್ತಿ ಬದಲಿಸಿ. ಹಳೆಯದನ್ನು ಬಾಳೆಯ ಬುಡಕ್ಕೆ ಹೊಯ್ಯಬಹುದು. ಮಳೆಗಾಲದಲ್ಲಿ ಲೆಟ್ಯೂಸ್ ಬಿಟ್ಟು ಪುದಿನ, ಒಂದೆಲಗ ಹಾಕಿ, ಇ.ಸಿ. 1ಕ್ಕೆ ಇಳಿಸಿ. ಬಸವನಹುಳು ಕಂಬ ಹತ್ತದಂತೆ ಡ್ರಮ್ಮಿನ ಸುತ್ತ ತಾಮ್ರದ ಪಟ್ಟಿ ಅಂಟಿಸಿ, ಶನಿವಾರಸಂತೆ ಕಡೆಯವರಿಗಂತೂ ಇದು ಬೇಕೇ ಬೇಕು. ಪಟ್ಟಿ ಹಸಿರುಗಟ್ಟಿದಾಗ ಹುಣಸೆಹಣ್ಣಿನಿಂದ ಉಜ್ಜಿ.