ಗೆಳೆಯರು ಬಂದರೆ ಮೈಸೂರು ತೋರಿಸುವುದು ಹೇಗೆ?

ಮೈಸೂರಿನಲ್ಲಿ ಮನೆಯಿದ್ದವರಿಗೆ ಬಂದವರನ್ನು ಊರು ಸುತ್ತಿಸುವ ಕೆಲಸ ತಪ್ಪಿದ್ದಲ್ಲ. ಆದರೆ ಹೆಚ್ಚಿನವರು ಒಂಬತ್ತೂವರೆಗೆ ನಿಧಾನವಾಗಿ ಮನೆ ಬಿಟ್ಟು ಅರಮನೆ, ಝೂ, ಚರ್ಚು, ಚಾಮುಂಡಿ ಬೆಟ್ಟ, ಕೆಆರ್‌ಎಸ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ಸಂಜೆ ಹೊತ್ತಿಗೆ ಬಂದವರು ಕಾರಿನಲ್ಲೇ ತೂಕಡಿಸುತ್ತಿರುತ್ತಾರೆ. ಹಾಗಾಗಬಾರದು ಅಂದ್ರೆ ಅರ್ಧ ಪಟ್ಟಿ ಕೈಬಿಡಿ.

1. ಭಾನುವಾರವನ್ನೇ ಆರಿಸಿ

ಅರಮನೆಯ ದೀಪ ಬೆಳಗುವುದು ಭಾನುವಾರ ಮತ್ತು ಸರ್ಕಾರಿ ರಜೆಗಳಂದು. ಕೆಆರ್‌ಎಸ್ ಊರಿನಿಂದ ಸುಮಾರು 20 ಕಿ.ಮೀ. ದೂರ. ಅದಕ್ಕೆ ಬೇರೆ ಸಂಜೆ ಇಟ್ಟುಕೊಳ್ಳಿ. ಝೂ ಕೂಡ ಇನ್ನೊಂದು ದಿನಕ್ಕಿರಲಿ, ಮಂಗಳವಾರ ಮಾತ್ರ ಬೇಡ, ಅವತ್ತು ಅದಕ್ಕೆ ರಜೆ.

2. ಬೆಟ್ಟಕ್ಕೆ ಬಸ್ಸಲ್ಲಿ ಹತ್ತಿ, ಕಾಲ್ನಡಿಗೆಯಲ್ಲಿ ಇಳಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಒಂದು ಗುಂಪು ಕಾರಲ್ಲಿ ಹೋಗಿ, ಪಾರ್ಕಿಂಗ್ ಹುಡುಕಿ ಸುಸ್ತಾಗಿ, ಮಹಿಷಾಸುರನ ಮುಂದೆ ಫೋಟೊ ತೆಗೆಸಿಕೊಂಡು, ಕ್ಯೂ ನೋಡಿ ಹೆದರಿ ವಾಪಸ್ ಬರುತ್ತದೆ. ಇನ್ನೊಂದು ಗುಂಪಿಗೆ ಉತ್ಸಾಹ ಜಾಸ್ತಿ. ಅಭ್ಯಾಸವಿಲ್ಲದ ಗೆಳೆಯರನ್ನು ಪಾದದಿಂದಲೇ ಹತ್ತಿಸುತ್ತದೆ. ಮೆಟ್ಟಿಲು ಸಾವಿರದಷ್ಟಿವೆ. ಶುರುವಿನ ಮೆಟ್ಟಿಲುಗಳೇ ಕಡಿದು. ಪಾಪ, ಅರ್ಧ ದಾರಿಗೇ ಅವರ ದಿನ ಮುಗಿದಿರುತ್ತದೆ.

ನನ್ನ ಕ್ರಮ ಹೀಗೆ. ಬೆಳಿಗ್ಗೆ ಬೇಗ ಸಿಟಿ ಬಸ್ ಸ್ಟ್ಯಾಂಡಿನಿಂದ ಬೆಟ್ಟದ ಬಸ್ಸು ಹಿಡಿಯಿರಿ. ಮೇಲೆ ಮೊದಲು ದರ್ಶನ, ಆಮೇಲೆ ಫೋಟೊ. ಫೋಟೊಗೆ ನಿಂತರೆ ಕ್ಯೂ ಬೆಳೆಯುತ್ತಲೇ ಇರುತ್ತದೆ. ದರ್ಶನ ಮುಗಿಸಿ ಮೆಟ್ಟಿಲ ದಾರಿಯಲ್ಲಿ ಇಳಿಯಿರಿ. ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬರುತ್ತಿರುತ್ತಾರೆ. ಅವರಿಗೆ ದಾರಿ ಬಿಟ್ಟು ಪಕ್ಕದಲ್ಲಿ ಇಳಿಯಿರಿ. ಮಧ್ಯೆ ಒಂದು ಕಡೆ ನಿಂತು ಅರಮನೆ, ರೇಸ್‌ಕೋರ್ಸ್, ಬೆಳ್ಳಗೆ ಕಾಣುವ ಲಲಿತಮಹಲ್ ಎಲ್ಲಿವೆ ಅಂತ ಬಂದವರನ್ನೇ ಹುಡುಕಲು ಬಿಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಕೋತಿಗಳು ಕಾಯುತ್ತಿರುತ್ತವೆ.

ಸುಮಾರು 300 ಮೆಟ್ಟಿಲು ಇಳಿದರೆ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, 17ನೇ ಶತಮಾನ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ 16 ಅಡಿಯ ಹತ್ತಿರ. ಮುಂದೆ ಕೈಮುಗಿದು ಹೊರಡಬೇಡಿ. ಪಕ್ಕಕ್ಕೆ ಬಂದು ಕೊರಳ ಗಂಟೆಸರ ನೋಡಿ, ಒಂದು ಸುತ್ತು ಹಾಕಿ.

ನಂದಿಯ ಹತ್ತಿರಕ್ಕೆ ರಸ್ತೆಯೂ ಇದೆ. ಇದು ಗೊತ್ತಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಮಂಡಿನೋವಿನವರಿಗೆ ಅಲ್ಲಿಗೇ ಗಾಡಿ ಕರೆಸಿ. ಉಳಿದವರು ಇನ್ನೂ 700 ಮೆಟ್ಟಿಲು ಇಳಿದು ಪಾದ ಸೇರಲಿ. ಇಳಿಯುವಾಗ ಕಾಲು ನಡುಗಿದರೆ ಮೈ ಸ್ವಲ್ಪ ಅಡ್ಡ ತಿರುಗಿಸಿ, ಒಂದೊಂದೇ ಮೆಟ್ಟಿಲು ಇಳಿಯಲು ಹೇಳಿ. ಆಷಾಢ ಶುಕ್ರವಾರ ಮಾತ್ರ ಈ ಸಾಹಸಕ್ಕೆ ಕೈ ಹಾಕಬೇಡಿ. ಜನಜಂಗುಳಿಯಲ್ಲಿ ಬೆಟ್ಟವೇ ಕಾಣುವುದಿಲ್ಲ.

3. ತಿಂಡಿ

ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಅದೇ ಹೆಸರಿನ ಹೋಟೆಲ್ ಒಂದಕ್ಕಿಂತ ಜಾಸ್ತಿ ಇವೆ, ಯಾವುದು ಅಸಲಿ ಅನ್ನುವ ಜಗಳ ಬಿಟ್ಟು ಒಳಗೆ ಹೋಗಿ. ಎರಡು ದೋಸೆ ಒಟ್ಟಿಗೆ ಹೇಳಬೇಡಿ, ಒಂದು ಮುಗಿಯುವಾಗ ಇನ್ನೊಂದು ಹೇಳಿ. ಆರಿದ ಮೈಲಾರಿ ದೋಸೆ ತಿನ್ನುವುದಕ್ಕಿಂತ ಸುಮ್ನೆ ಇರೋದು ವಾಸಿ.

4. ಅರಮನೆಯ ಒಳಗೆ

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ನಕ್ಷೆಯಂತೆ 1912ರಲ್ಲಿ ಮುಗಿದದ್ದು. ಇಷ್ಟು ಹೇಳಿದರೆ ಸಾಕು, ಇಡೀ ವಂಶಾವಳಿ ಒಪ್ಪಿಸಬೇಡಿ. ಕಲ್ಯಾಣ ಮಂಟಪದಲ್ಲಿ ಮಾತ್ರ ನಿಲ್ಲಿಸಿ, ತಲೆ ಎತ್ತಿ ನವಿಲುಗಳ ಬಣ್ಣದ ಗಾಜು ನೋಡಲು ಹೇಳಿ. ಚಪ್ಪಲಿ ಹೊರಗೆ ಬಿಡಬೇಕು, ಬೇಸಿಗೆಯಲ್ಲಿ ಅಂಗಳದ ಕಲ್ಲು ಕಾದಿರುತ್ತದೆ. ಬ್ಯಾಗಲ್ಲಿ ಕಾಲುಚೀಲ ಇರಲಿ.

ಅರಮನೆಯಿಂದ ಹೊರಬಂದಾಗ "ಇವತ್ತು ವಿಶೇಷ ಮಾರ್ಕೆಟ್ ಇದೆ, ಕರ್ಕೊಂಡು ಹೋಗ್ತೀನಿ" ಅಂತ ಯಾರಾದರೂ ಅಂಟಿಕೊಳ್ಳಬಹುದು. ಹೋದರೆ ಸಿಗುವುದು ಶ್ರೀಗಂಧದ ಹೆಸರಿನ ಯಾವುದೋ ಎಣ್ಣೆ, ದುಬಾರಿ ಊದುಬತ್ತಿ. ಗಂಧದೆಣ್ಣೆ, ರೇಷ್ಮೆ ಸೀರೆ ಎರಡನ್ನೂ ಸರ್ಕಾರಿ ಮಳಿಗೆಯಲ್ಲೇ ಕೊಡಿಸಿ. ಬೀದಿ ಬದಿಯ "ಮೈಸೂರು ಸಿಲ್ಕ್" ರೇಷ್ಮೆಯ ಮುಖವನ್ನೇ ನೋಡಿರುವುದಿಲ್ಲ.

5. ಮಧ್ಯಾಹ್ನ ಊಟ, ನಿದ್ದೆ. ವಾದ ಬೇಡ.

6. ದೇವರಾಜ ಮಾರುಕಟ್ಟೆ

ಬಿಸಿಲು ಇಳಿದ ಮೇಲೆ ಹೋಗಿ. ಹೂವಿನ ಸಾಲಿನಿಂದ ಶುರುಮಾಡಿ. ಮೈಸೂರು ಮಲ್ಲಿಗೆ ಒಂದು ಮಾರು ಕೊಂಡರೆ ಮಾತಿಗೆ ದಾರಿಯಾಗುತ್ತದೆ, ಆಮೇಲೆ ಫೋಟೊ ತೆಗೆದರೂ ಯಾರೂ ಮುಖ ಗಂಟಿಕ್ಕುವುದಿಲ್ಲ. ಕುಂಕುಮದ ರಾಶಿಗೆ ಬೆರಳು ಹಾಕಬೇಡಿ ಅಂತ ಮೊದಲೇ ಹೇಳಿಬಿಡಿ. ನಂಜನಗೂಡು ರಸಬಾಳೆ ಕೇಳಿದರೆ ಪುಟ್ಟಬಾಳೆ ಕೈಗಿಡುವವರಿದ್ದಾರೆ. ಅಸಲಿ ರಸಬಾಳೆ ಈಗ ಅಪರೂಪ. ಗೊತ್ತಿರುವ ಅಂಗಡಿ ಇಲ್ಲದಿದ್ದರೆ ಪುಟ್ಟಬಾಳೆಯನ್ನೇ ಪುಟ್ಟಬಾಳೆಯ ರೇಟಿಗೆ ತಗೊಳ್ಳಿ. ಹೊರಗೆ ಬಂದರೆ ಸಯ್ಯಾಜಿರಾವ್ ರಸ್ತೆಯಲ್ಲೇ ಗುರು ಸ್ವೀಟ್ಸ್. ಮೈಸೂರುಪಾಕ್ ಕಾಲು ಕೆ.ಜಿ. ಸಾಕು, ಅಲ್ಲೇ ನಿಂತು ತಿನ್ನಿ.

7. ದೀಪ

ಸಂಜೆ ಏಳರ ಸುಮಾರಿಗೆ ಹತ್ತಿಸುತ್ತಾರೆ, ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು. ಹತ್ತಿದ ಮೇಲೆ ಹೋಗುವುದು ದಂಡ. ಕತ್ತಲಲ್ಲಿ ನಿಂತವರ ಎದುರು ಒಮ್ಮೆಲೇ ಬೆಳಕಾಗಬೇಕು. ಆದ್ದರಿಂದ ಆರೂವರೆಗೇ ಅಂಗಳದೊಳಗೆ ಸೇರಿ, ಅರಮನೆಗೆ ನೇರ ಎದುರಾಗಿ, ಆದಷ್ಟು ಹಿಂದೆ ನಿಲ್ಲಿ. ಗೋಡೆಯ ಹತ್ತಿರ ನಿಂತರೆ ಇಡೀ ಅರಮನೆ ಕಣ್ಣಿಗೆ ಸಿಗುವುದಿಲ್ಲ. ಕಾರು ತರಲೇಬೇಡಿ. ದೀಪ ಆರಿದೊಡನೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಹಾರ್ಡಿಂಜ್ ವೃತ್ತದ ಕಡೆ ಗಾಡಿ ಅಲ್ಲಾಡುವುದಿಲ್ಲ. ಅಂಗಳದಲ್ಲೇ ಹತ್ತು ನಿಮಿಷ ಕೂತು, ಜನ ಕರಗಿದ ಮೇಲೆ ಸ್ವಲ್ಪ ದೂರ ನಡೆದು ಆಟೊ ಹಿಡಿಯಿರಿ.