ಫೈಬ್ರೋಸಿಸ್ ಇರುವವರಿಗೆ ನೆಗಡಿಯಾದರೆ ಮನೆಯವರು ಏನು ಮಾಡಬೇಕು?

ಜೂನ್ ಬಂತೆಂದರೆ ಬೆಂಗಳೂರಿನಲ್ಲಿ ಶಾಲೆಯೂ ಶುರು, ಮಳೆಯೂ ಶುರು. ಮೊಮ್ಮಗು ಮೂಗು ಸೋರಿಸಿಕೊಂಡೇ ಬಂದು ಅಜ್ಜನ ತೊಡೆ ಏರುತ್ತದೆ. ಮನೆಯ ಉಳಿದವರು ಮೂರು ದಿನ ಸೀನಿ ಸುಧಾರಿಸಿಕೊಳ್ಳುತ್ತಾರೆ. ಅಜ್ಜನಿಗೆ ಪಲ್ಮನರಿ ಫೈಬ್ರೋಸಿಸ್ ಇದ್ದರೆ ಅದೇ ನೆಗಡಿ ಐಸಿಯುವರೆಗೂ ಎಳೆದೊಯ್ಯಬಹುದು.

ಈ ಕಾಯಿಲೆಯಲ್ಲಿ ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಕಲೆಗಟ್ಟಿ ದಪ್ಪಗಾಗಿರುತ್ತದೆ, ಆಮ್ಲಜನಕ ರಕ್ತಕ್ಕೆ ದಾಟುವುದೇ ಕಷ್ಟ. ವೈರಸ್ ಬಂದು ಅಳಿದುಳಿದ ಒಳ್ಳೆಯ ಭಾಗದಲ್ಲೂ ಉರಿಯೂತ ಎಬ್ಬಿಸಿದರೆ ತಡೆದುಕೊಳ್ಳುವ ಜಾಗವೇ ಇರುವುದಿಲ್ಲ. ಫ್ಲೂ, ಕೋವಿಡ್, ಆರ್‌ಎಸ್‌ವಿ ಇರಲಿ, ಮಾಮೂಲಿ ನೆಗಡಿ ತರುವ ರೈನೋವೈರಸ್ ಕೂಡ ಇದಕ್ಕೆ ಸಾಕು. 2025ರ ಜನವರಿಯಲ್ಲಿ ಇಲ್ಲಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಊರೆಲ್ಲ ಗಾಬರಿಬಿದ್ದಿತ್ತು. ಅದು 2001ರಲ್ಲೇ ಗುರುತಿಸಿದ್ದ ವೈರಸ್, ಪ್ರತಿ ವರ್ಷ ನಮ್ಮ ನಡುವೆ ಓಡಾಡುವಂಥದ್ದೇ. ವೈದ್ಯರು ಹೆದರುವುದು ‘ಅಕ್ಯೂಟ್ ಎಕ್ಸಾಸರ್ಬೇಷನ್’ ಎಂಬ ಸ್ಥಿತಿಗೆ: ಕೆಲವೇ ದಿನ ಅಥವಾ ವಾರಗಳಲ್ಲಿ ಉಸಿರಾಟ ಕುಸಿದು, ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಹೊಸ ಮಬ್ಬು ಕಾಣಿಸಿಕೊಳ್ಳುವುದು. ಕಾರಣ ತಿಳಿಯದ ಫೈಬ್ರೋಸಿಸ್‌ನಲ್ಲಿ, ಅಂದರೆ ಐಪಿಎಫ್‌ನಲ್ಲಿ, ಹೀಗಾಗಿ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಶ್ವಾಸಕೋಶ ರೋಗಿಗಳಿಗೆ ವ್ಯಾಯಾಮ ಮಾಡಿಸುವ ನನ್ನ ಕೆಲಸದಲ್ಲಿ ನೋಡಿದ್ದೇನೆಂದರೆ, ಬಹಳಷ್ಟು ಮನೆಗಳಲ್ಲಿ ಮೊದಲ ಎರಡು ದಿನ ಆಕ್ಸಿಜನ್‌ನ ತಪ್ಪು ಸಂಖ್ಯೆ ನೋಡಿಕೊಂಡು ಧೈರ್ಯವಾಗಿ ಕೂತಿರುತ್ತಾರೆ.

1. ಚೆನ್ನಾಗಿರುವಾಗಲೇ ಲಸಿಕೆ

ಫ್ಲೂ ಲಸಿಕೆ ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೆ. ಕೆಲಸ ಮಾಡಲು ಎರಡು ವಾರ ಬೇಕು, ಹಾಗಾಗಿ ಮನೆಯಲ್ಲಿ ಸೀನು ಶುರುವಾದ ಮೇಲೆ ಓಡಬೇಡಿ. ನ್ಯುಮೋನಿಯಾ ತಡೆಗೆ ಕೊಡುವ ನ್ಯುಮೋಕಾಕಲ್ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ. ಮನೆಯವರೆಲ್ಲ ಫ್ಲೂ ಲಸಿಕೆ ಪಡೆಯಲಿ, ಮೊಮ್ಮಗುವೂ ಸೇರಿ.

2. ನಿಮ್ಮ ಸಂಖ್ಯೆ ಯಾವುದೆಂದು ತಿಳಿಯಿರಿ

ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇದೆ. ಬ್ಯಾಟರಿ ಬದಲಿಸಿ. ನಾಡಿಯ ಅಲೆ ಅಥವಾ ಏರಿಳಿಯುವ ಪಟ್ಟಿ ತೋರಿಸದ ಅಗ್ಗದ ಯಂತ್ರವಾದರೆ ಎಸೆದು ಬೇರೆ ತನ್ನಿ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಆಕ್ಸಿಜನ್ ಹೇಳುತ್ತೇವೆನ್ನುವ ಮೊಬೈಲ್ ಆ್ಯಪ್‌ಗಳನ್ನು ನಂಬಲೇಬೇಡಿ. ಕೈಗಡಿಯಾರದ ಸಂಖ್ಯೆಯನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಐದು ನಿಮಿಷ ಸುಮ್ಮನೆ ಕೂರಿಸಿ. ನೇಲ್ ಪಾಲಿಶ್, ಮೆಹಂದಿ ಇಲ್ಲದ ಬೆರಳು ಇರಲಿ. ಫೈಬ್ರೋಸಿಸ್ ಇರುವ ಅನೇಕರಿಗೆ ಉಗುರು ಉಬ್ಬಿ ಬೆರಳ ತುದಿ ದಪ್ಪಗಾಗಿರುತ್ತದೆ, ಕ್ಲಿಪ್ ಅರ್ಧಕ್ಕೇ ನಿಲ್ಲುತ್ತದೆ. ಉಗುರು ಬೆಳಕಿನ ಕೆಳಗೆ ಬರುವಷ್ಟು ಒಳಕ್ಕೆ ತಳ್ಳಿ, ಆಗದಿದ್ದರೆ ಬೇರೆ ಬೆರಳು ನೋಡಿ. ಸ್ಕ್ಲಿರೋಡರ್ಮಾ, ಅಂದರೆ ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆ, ಇರುವವರ ಬೆರಳು ತಣ್ಣಗೆ ಬಿಳಿಚಿಕೊಂಡಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿ ಹಾಕಿ. ಆಗಲೂ ಸಂಖ್ಯೆ ಕುಣಿಯುತ್ತಿದ್ದರೆ ಕಿವಿಹಾಲೆಗೆ ಹಾಕುವ ಪ್ರೋಬ್ ಬಗ್ಗೆ ವೈದ್ಯರನ್ನು ಕೇಳಿ. ಕೈ ತೊಡೆಯ ಮೇಲಿರಲಿ, ಮಾತು ಬೇಡ. ಮೊದಲು ಕಾಣುವ ಸಂಖ್ಯೆಯನ್ನು ಬಿಟ್ಟು ಒಂದು ನಿಮಿಷ ಕಾಯಿರಿ. ಯಂತ್ರ ತೋರಿಸುವ ನಾಡಿಯನ್ನು ಮಣಿಕಟ್ಟಿನಲ್ಲಿ ನೀವೇ ಎಣಿಸಿದ ನಾಡಿಯ ಜೊತೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ಆಕ್ಸಿಜನ್ ಸಂಖ್ಯೆಯೂ ಸುಳ್ಳು.

ಇನ್ನೊಂದು ವಿಷಯ. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರಗಳು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಯಂತ್ರ 92 ಎಂದರೆ ನಿಜಕ್ಕೂ 89 ಇದ್ದೀತು. ಅದಕ್ಕೇ ಒಂದೇ ಒಂದು ಸಂಖ್ಯೆ ನೋಡಿ ತೀರ್ಮಾನಿಸದೆ, ಅದೇ ಯಂತ್ರದಲ್ಲಿ ಅದೇ ಮನುಷ್ಯರ ಸಂಖ್ಯೆ ಎಷ್ಟು ಇಳಿಯಿತು ಎಂದು ನೋಡಬೇಕು.

ಇಷ್ಟಾದರೂ ಅರ್ಧ ಕೆಲಸವಷ್ಟೇ ಆಯಿತು. ಫೈಬ್ರೋಸಿಸ್‌ನಲ್ಲಿ ಆಕ್ಸಿಜನ್ ಮೊದಲು ಬೀಳುವುದು ನಡೆಯುವಾಗ. ಒಮ್ಮೆ ಒಬ್ಬ ಹಿರಿಯರನ್ನು ಮಗಳು ಕರೆತಂದಿದ್ದರು, ಮೂರು ದಿನದ ನೆಗಡಿ. ಕುರ್ಚಿಯಲ್ಲಿ ಕೂತು ಬೆರಳು ಮುಂದೆ ಚಾಚಿದರು, 95. ‘ನೋಡಿ, ಏನೂ ಇಲ್ಲ’ ಎಂದರು. ಕಾರಿಡಾರಿನ ತುದಿಯ ತೂಕದ ಯಂತ್ರದವರೆಗೆ ನಡೆಸಿಕೊಂಡು ಬಂದೆವು. ವಾಪಸು ಬರುವಷ್ಟರಲ್ಲಿ ತುಟಿ ಕಪ್ಪಿಟ್ಟು 83ಕ್ಕೆ ಇಳಿದಿತ್ತು. ಅವತ್ತೇ ಅಡ್ಮಿಟ್ ಮಾಡಬೇಕಾಯಿತು.

ಆದ್ದರಿಂದ ಆರೋಗ್ಯವಾಗಿರುವಾಗಲೇ, ವೈದ್ಯರ ಒಪ್ಪಿಗೆ ಪಡೆದು, ನಡಿಗೆಯ ಸಂಖ್ಯೆಯನ್ನೂ ಬರೆದಿಡಿ. ಅಡುಗೆಮನೆಯಿಂದ ವರಾಂಡಾದವರೆಗೋ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲೋ, ಪ್ರತಿ ಸಲ ಅದೇ ಜಾಗ, ಮಾಮೂಲಿ ನಡಿಗೆ, 6 ನಿಮಿಷ. ಅಷ್ಟು ಆಗದವರು 1 ನಿಮಿಷ ಕುರ್ಚಿಯಿಂದ ಎದ್ದು ಕೂತು ಮಾಡಲಿ. ಕ್ಲಿಪ್ ಬೆರಳಲ್ಲೇ ಇರಲಿ, ಆ ಕೈಯನ್ನು ಎದೆಗೆ ಒತ್ತಿ ಹಿಡಿಯಲಿ, ಬೀಸಿದರೆ ಯಂತ್ರ ತಪ್ಪು ಓದುತ್ತದೆ. ನಡುವೆ ಕಂಡ ಅತಿ ಕಡಿಮೆ ಸಂಖ್ಯೆ ಬರೆಯಿರಿ. ನಿಂತ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬೇಡಿ, ಬೆರಳಿಗೆ ಸುದ್ದಿ ತಡವಾಗಿ ಮುಟ್ಟುವುದರಿಂದ ಕೆಳಗಿನ ಸಂಖ್ಯೆ ಆಗ ಬರುವುದುಂಟು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕೂತಲ್ಲೇ ಏದುಸಿರಿದ್ದರೆ, ಅಥವಾ ಕೂತಲ್ಲೇ 90ಕ್ಕಿಂತ ಕಡಿಮೆ ಇದ್ದರೆ, ಈ ಪರೀಕ್ಷೆ ಬೇಡವೇ ಬೇಡ. ನಡೆಯುವಾಗ 85ಕ್ಕಿಂತ ಕೆಳಗೆ ಹೋದರೆ ಅಲ್ಲೇ ನಿಲ್ಲಿಸಿ ಕೂರಿಸಿ. ಮೂರು-ನಾಲ್ಕು ದಿನ ಹೀಗೆ ಮಾಡಿದರೆ ನಿಮ್ಮ ಸಂಖ್ಯೆ ಸಿಗುತ್ತದೆ. ದಿನಾಂಕ, ಕೂತಾಗ, ನಡೆದಾಗ, ನಾಡಿ, ಆಕ್ಸಿಜನ್ ಹಾಕಿಕೊಳ್ಳುವವರಾದರೆ ಎಷ್ಟು ಲೀಟರ್ ಎಂದು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

3. ನೆಗಡಿ ಶುರುವಾದ ದಿನ

ಜ್ವರ ಬರಲಿ ನೋಡೋಣ ಎಂದು ಕಾಯಬೇಡಿ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಫೈಬ್ರೋಸಿಸ್ ಸೇರಿದ ಶ್ವಾಸಕೋಶ ಕಾಯಿಲೆಗಳ ಗುಂಪು) ನೋಂದಣಿ ಅಧ್ಯಯನದಲ್ಲಿ 1,084 ರೋಗಿಗಳ ಪೈಕಿ ಸುಮಾರು 47% ಜನರಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಪಾರಿವಾಳದ ಹಿಕ್ಕೆ, ಏರ್‌ ಕೂಲರ್‌ನ ಬೂಷ್ಟಿನಂಥವುಗಳಿಂದ ಬರುವ ಕಾಯಿಲೆ ಇದು. ಇವರಲ್ಲಿ ಹಲವರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೊಫಿನೊಲೇಟ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಗಳಲ್ಲಿ ಇರುವವರಿಗೆ ಸೋಂಕು ಜೋರಾಗಿದ್ದರೂ ಮೈ ಬಿಸಿಯಾಗದೇ ಇರಬಹುದು.

ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಫ್ಲೂ ಮತ್ತು ಕೋವಿಡ್ ಪರೀಕ್ಷೆ ಕೇಳಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯಲ್ಲಿ ಶುರುವಾದರೆ ಹೆಚ್ಚು ಉಪಯೋಗ. ಇಂಥ ರೋಗಿಗಳಿಗೆ ವರದಿ ಬರುವ ಮುಂಚೆಯೇ ಶುರು ಮಾಡುವುದೂ ಉಂಟು. ಕೋವಿಡ್ ಮಾತ್ರೆ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಅನ್ನು 5 ದಿನದೊಳಗೆ ಶುರು ಮಾಡಬೇಕು, ಆದರೆ ರಿಟೊನಾವಿರ್ ದೇಹದಲ್ಲಿ ಫೈಬ್ರೋಸಿಸ್ ಔಷಧ ನಿಂಟೆಡಾನಿಬ್‌ನ ಮಟ್ಟ ಏರಿಸುತ್ತದೆ. ಹಾಗಾಗಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಓದಿ ಹೇಳಿ. ಸ್ಟೀರಾಯ್ಡನ್ನು ನೀವೇ ನಿಲ್ಲಿಸಬೇಡಿ, ತಿಂಗಳುಗಟ್ಟಲೆ ತೆಗೆದುಕೊಂಡವರು ದಿಢೀರನೆ ಬಿಟ್ಟರೆ ರಕ್ತದೊತ್ತಡ ಕುಸಿಯಬಹುದು. ರೋಗಿಗೆ ಬೇರೆ ಕೋಣೆ, ಕಿಟಕಿ ತೆರೆದಿರಲಿ, ಸೀನುವವರು ಎನ್‌95 ಹಾಕಲಿ. ಬಟ್ಟೆ ಮಾಸ್ಕ್ ಇಲ್ಲಿ ಸಾಲದು.

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕೂತು ಅಳೆಯಿರಿ. ಕೂತಾಗ ಆರಾಮಾಗಿದ್ದರೆ ಮಾತ್ರ ದಿನಕ್ಕೊಮ್ಮೆ ನಡೆಸಿ ನೋಡಿ.

4. ಅಡ್ಡದಾರಿಗಳು

ಮೆಡಿಕಲ್ ಶಾಪಿನಲ್ಲಿ ‘ಕೆಮ್ಮಿಗೆ ಏನಾದರೂ ಕೊಡಿ’ ಎಂದರೆ ಆ್ಯಂಟಿಬಯೋಟಿಕ್ ಕೈಗೆ ಬರುತ್ತದೆ. ವೈರಸ್‌ಗೆ ಅದು ಏನೂ ಮಾಡದು. ಫೈಬ್ರೋಸಿಸ್‌ಗೇ ಕೊಡುವ ಇನ್ನೊಂದು ಔಷಧ ಪಿರ್ಫೆನಿಡೋನ್ ತೆಗೆದುಕೊಳ್ಳುವವರಿಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರಂತೂ ಪಿರ್ಫೆನಿಡೋನ್ ಮಟ್ಟ ಏರಿ ವಾಂತಿ, ತಲೆಸುತ್ತು ಬರಬಹುದು. ಮೆಣಸು-ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಅಮೃತಬಳ್ಳಿ ಬೇಡ. ಅದರಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಕೋವಿಡ್ ಕಾಲದಲ್ಲಿ ವರದಿಯಾಗಿವೆ, ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡೂ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಗಳೇ. ಬಿಸಿನೀರಿನ ಹಬೆ ಕಲೆಗಟ್ಟಿದ ಭಾಗಕ್ಕೆ ಏನೂ ಮಾಡುವುದಿಲ್ಲ, ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರಿದ್ದಾರೆ. ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ ಆ ಕೋಣೆಯ ಹತ್ತಿರವೂ ಸುಳಿಯಬಾರದು.

ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕರೆಂಟಿನ ಯಂತ್ರ, ಕಾನ್ಸಂಟ್ರೇಟರ್, ಇರುವ ಮನೆಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಸಂಖ್ಯೆ ಇಳಿದಾಗ 2 ಲೀಟರಿನಿಂದ 3ಕ್ಕೆ, 4ಕ್ಕೆ ತಿರುಗಿಸುತ್ತಾರೆ, 94 ಕಂಡು ಸಮಾಧಾನಪಡುತ್ತಾರೆ. ದಿನವೂ ಬೇಕಾಗುವ ಲೀಟರ್ ಹೆಚ್ಚಾದದ್ದೇ ಕುಸಿತದ ಗುರುತು. ಹೆಚ್ಚಿಸಿ, ಜೊತೆಗೇ ಫೋನ್ ಮಾಡಿ. ಮಳೆಯಲ್ಲಿ ಕರೆಂಟು ಹೋಗುವ ಊರು ನಮ್ಮದು, ಕಾನ್ಸಂಟ್ರೇಟರ್ ನಂಬಿದವರ ಮನೆಯಲ್ಲಿ ಸಿಲಿಂಡರ್ ಇರಲೇಬೇಕು. ಸುಮಾರು 1,500 ಲೀಟರಿನ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ ಬರುತ್ತದೆ, 5 ಲೀಟರಾದರೆ 5 ಗಂಟೆ.

5. ಯಾವಾಗ ಹೊರಡಬೇಕು?

ಕೂತಾಗಿನ ಅಥವಾ ನಡೆದಾಗಿನ ಸಂಖ್ಯೆ ನಿಮ್ಮ ಮಾಮೂಲಿಗಿಂತ 3-4 ಇಳಿದಿದ್ದರೆ ಅದೇ ದಿನ ವೈದ್ಯರ ಮುಂದೆ ಕೂರಬೇಕು. ಕೂತಲ್ಲೇ 90ಕ್ಕಿಂತ ಕಡಿಮೆ, ಒಂದು ವಾಕ್ಯ ಮುಗಿಸಲು ಉಸಿರು ಸಾಲದು, ತುಟಿ ನೀಲಿ, ಮಂಕು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಮಾಮೂಲಿಯಾಗಿಯೇ 90ರ ಆಸುಪಾಸಿನಲ್ಲಿ ಇರುವವರು ತಮ್ಮ ಗಡಿ ಯಾವುದೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಲಿ. ಎಲ್ಲಿಗೆ ಹೋಗುವುದೆಂದೂ ಮುಂಚೆಯೇ ತೀರ್ಮಾನವಾಗಿರಲಿ, ಸಂಜೆಯ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತು ಯೋಚಿಸುವ ವಿಷಯ ಇದಲ್ಲ. ಸರ್ಕಾರಿ ವ್ಯವಸ್ಥೆ ಬೇಕೆನ್ನುವವರಿಗೆ ನಿಮ್ಹಾನ್ಸ್ ಬಳಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ.

ಕೈಯಲ್ಲಿ ಹಳೆಯ ಎಚ್‌ಆರ್‌ಸಿಟಿ, ಅಂದರೆ ಎದೆಯ ಸಿ.ಟಿ. ಸ್ಕ್ಯಾನ್, ಇರಲಿ, ವರದಿಯ ಹಾಳೆ ಮಾತ್ರ ಸಾಲದು, ಸಿ.ಡಿ. ಅಥವಾ ಫಿಲ್ಮ್ ಬೇಕು. ಫೈಬ್ರೋಸಿಸ್ ಇರುವವರ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಯಾವತ್ತೂ ವೆಲ್ಕ್ರೋ ಬಿಚ್ಚುವಂಥ ಸದ್ದು ಇರುತ್ತದೆ. ರಾತ್ರಿ ಪಾಳಿಯ ಹೊಸ ವೈದ್ಯರಿಗೆ ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂದು ತಿಳಿಯುವುದು ಹಳೆಯ ಸ್ಕ್ಯಾನ್ ಪಕ್ಕಕ್ಕಿಟ್ಟು ನೋಡಿದಾಗ ಮಾತ್ರ. ಫ್ರಿಜ್ ಮೇಲಿನ ಹಾಳೆಯನ್ನೂ ಕಿತ್ತು ತೆಗೆದುಕೊಂಡು ಹೋಗಿ.

6. ವಾಸಿಯಾದ ಮೇಲೆ

ನೆಗಡಿ ಹೋಯಿತೆಂದು ಅಳೆಯುವುದನ್ನು ನಿಲ್ಲಿಸಬೇಡಿ, ಇನ್ನೂ ನಾಲ್ಕು ವಾರ ವಾರಕ್ಕೆರಡು ಸಲವಾದರೂ ನಡೆಸಿ ನೋಡಿ. ಅಷ್ಟರಲ್ಲಿ ನಡಿಗೆಯ ಸಂಖ್ಯೆ ಮೊದಲಿನ ಜಾಗಕ್ಕೆ ಬರದಿದ್ದರೆ ಶ್ವಾಸಕೋಶ ತಜ್ಞರನ್ನು ಕಂಡು ಪಿಎಫ್‌ಟಿ (ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತದೆಂದು ನೋಡುವ ಊದುವ ಪರೀಕ್ಷೆ) ಮತ್ತು ಡಿಎಲ್‌ಸಿಒ (ಅನಿಲ ರಕ್ತಕ್ಕೆ ಎಷ್ಟು ದಾಟುತ್ತದೆಂದು ಅಳೆಯುವ ಪರೀಕ್ಷೆ) ಮಾಡಿಸಿ, ಓಡಾಡುವಾಗ ಆಕ್ಸಿಜನ್ ಬೇಕೇ ಎಂದು ಕೇಳಿ.