ನೀರು ಸುರಿಯುತ್ತಿದ್ದರೂ ಕಣ್ಣು ಒಣಗಿತ್ತು: ಪಿಎಸ್‌ಪಿ ಆರೈಕೆಯಲ್ಲಿ ನನ್ನ ಅನುಭವ

ನಮ್ಮನೆಯವರಿಗೆ ಪಿಎಸ್‌ಪಿ ಇದೆ. ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಅಂತ ಪೂರ್ತಿ ಹೆಸರು, ಮೆದುಳಿನ ಕಾಯಿಲೆ. ಮೊದಮೊದಲು ಪಾರ್ಕಿನ್ಸನ್ ಥರವೇ ಕಾಣುತ್ತದೆ. ಆದರೆ ಇದರಲ್ಲಿ ಶುರುವಿನಿಂದಲೇ ಆಯತಪ್ಪಿ ಬೀಳುತ್ತಾರೆ, ಕಣ್ಣುಗುಡ್ಡೆ ಮೇಲೆ ಕೆಳಗೆ ಆಡುವುದು ಕಡಿಮೆಯಾಗುತ್ತಾ ಹೋಗುತ್ತದೆ. ಬೀಳದ ಹಾಗೆ, ಊಟ ನೆತ್ತಿಗೆ ಹತ್ತದ ಹಾಗೆ ಹೇಗೆ ನೋಡಿಕೊಳ್ಳಬೇಕು ಅಂತ ಎಲ್ಲರೂ ಹೇಳಿಕೊಟ್ಟರು. ಕಣ್ಣಿನ ಮಾತು ಯಾರೂ ಎತ್ತಲಿಲ್ಲ. ಅವರನ್ನು ದಿನವಿಡೀ ಕಾಡಿದ್ದು ಮಾತ್ರ ಅದೇ.

ಮರಳು ಎರಚಿದ ಹಾಗೆ ಉರಿಯುತ್ತದೆ ಅನ್ನುತ್ತಿದ್ದರು. ನೋಡಿದರೆ ಕೆನ್ನೆ ಮೇಲೆ ನೀರು. ನೀರು ಸುರಿಯುವ ಕಣ್ಣು ಒಣಗಿದೆ ಅಂದರೆ ಯಾರು ನಂಬುತ್ತಾರೆ ಹೇಳಿ? ಕಣ್ಣಿನ ಡಾಕ್ಟರ್ ಬಣ್ಣದ ಹನಿ ಹಾಕಿ ನೀಲಿ ಬೆಳಕಲ್ಲಿ ನೋಡಿ, ಕರಿಗುಡ್ಡೆಯ ಕೆಳಭಾಗ ಚುಕ್ಕೆ ಚುಕ್ಕೆಯಾಗಿ ಒಣಗಿದೆ ಅಂದರು. ಕಾರಣ ರೆಪ್ಪೆ. ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪಿಎಸ್‌ಪಿ ಇರುವವರಲ್ಲಿ ಅದು ಐದಕ್ಕಿಂತಲೂ ಕೆಳಗೆ ಇಳಿಯಬಹುದು. ರೆಪ್ಪೆ ಬಡಿದರೆ ತಾನೇ ಕಣ್ಣೀರು ಹರಡುವುದು? ಹರಡದಿದ್ದರೆ ಒಣಗಿ ಉರಿಯುತ್ತದೆ, ಉರಿಗೆ ಒಂದೇ ಸಲ ನೀರು ಉಕ್ಕುತ್ತದೆ. ಅದು ಕಣ್ಣಲ್ಲಿ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ.

ಇದು ತಿಳಿದ ಮೇಲೆ ಕೃತಕ ಕಣ್ಣೀರಿನ ಹನಿ ಹಾಕುವ ಕ್ರಮವೇ ಬದಲಾಯಿತು. ಉರಿ ಅಂದಾಗ ಹಾಕುವುದಲ್ಲ, ಗಡಿಯಾರ ನೋಡಿ ಹಾಕುವುದು. ಅವರಿಗೆ ಮಾತು ನಿಧಾನ, ಹೇಳುವಷ್ಟರಲ್ಲಿ ಕಣ್ಣು ಕೆಂಪಾಗಿರುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್, ಅಂದರೆ ಕೆಡದ ಹಾಗೆ ಸೇರಿಸುವ ರಾಸಾಯನಿಕ, ಇಲ್ಲದ ಹನಿಯೇ ಆಗಬೇಕು. ಸಾಮಾನ್ಯ ಬಾಟಲಿಗಳಲ್ಲಿ ಇರುವ ಬೆನ್ಜಾಲ್ಕೋನಿಯಂ ಅನ್ನುವ ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಅದೇ ಕಣ್ಣನ್ನು ಕೆರಳಿಸುತ್ತದೆ. ಪ್ರಿಸರ್ವೇಟಿವ್ ಇಲ್ಲದ್ದು ದುಬಾರಿ, ಸಣ್ಣ ಮೆಡಿಕಲ್ ಶಾಪಿನಲ್ಲಿ ಇರುವುದಿಲ್ಲ, ಹೇಳಿ ತರಿಸುತ್ತೇನೆ. ಕೆಂಪು ಇಳಿಸುತ್ತದೆ ಅಂತ ಮಾರುವ ಹನಿಗಳು ನಮ್ಮ ಕೆಲಸಕ್ಕಲ್ಲ.

ಹಾಕುವುದೇ ಒಂದು ಸಾಹಸವಾಗಿತ್ತು. ಬಾಟಲಿ ಹತ್ತಿರ ಬಂದರೆ ಸಾಕು, ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಬಲವಂತವಾಗಿ ಬಿಡಿಸಬಾರದು. ನಾನು ಅವರನ್ನು ಮಲಗಿಸಿ, "ರೀ, ಸುಮ್ನೆ ಕಣ್ಣು ಮುಚ್ಚಿಕೊಳ್ಳಿ" ಅನ್ನುತ್ತೇನೆ. ಒರೆಸಿ ಶುಚಿ ಮಾಡಿದ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ ಹನಿ ಬಿಡುತ್ತೇನೆ. ಆಮೇಲೆ ಕೆಳರೆಪ್ಪೆಯನ್ನು ಬೆರಳಿಂದ ಮೆಲ್ಲಗೆ ಎಳೆದು "ಈಗ ತೆರೀರಿ" ಅಂದರೆ ಹನಿ ತಾನಾಗಿ ಒಳಗೆ ಇಳಿಯುತ್ತದೆ. ಇದು ಕಲಿತ ಮೇಲೆ ಜಗಳವೇ ಇಲ್ಲ. ಬೇರೆ ಔಷಧಿಯ ಹನಿಯೂ ಇದ್ದರೆ ನಡುವೆ ಐದು ನಿಮಿಷ ಬಿಡುತ್ತೇನೆ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ರಾತ್ರಿಗೆ ಮುಲಾಮು. ಅವರ ಕಣ್ಣು ನಿದ್ದೆಯಲ್ಲೂ ಪೂರ್ತಿ ಮುಚ್ಚುವುದಿಲ್ಲ, ಕೆಳಗೆ ಬಿಳಿ ಗೆರೆ ಕಾಣುತ್ತದೆ. ಮುಲಾಮು ಹಾಕಿದರೆ ಮಂಜು ಮಂಜಾಗುತ್ತದೆ. ಬೀಳುವ ಕಾಯಿಲೆಯವರಿಗೆ ಅದು ಅಪಾಯ. ಹಾಗಾಗಿ ಬಾತ್‌ರೂಮಿಗೆ ಹೋಗಿಬಂದು ಮಲಗಿದ ಮೇಲೆಯೇ ಹಾಕುತ್ತೇನೆ.

ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನನ್ನ ಮೊಣಕೈ ಒಳಗೆ ಮುಟ್ಟಿಸಿ ನೋಡಿ, ಅವರ ಮುಚ್ಚಿದ ಕಣ್ಣ ಮೇಲೆ ಸುಮಾರು ಹತ್ತು ನಿಮಿಷ ಇಡುತ್ತೇನೆ. ಆರಿದ ಹಾಗೆ ಮತ್ತೆ ಅದ್ದಬೇಕು. ರೆಪ್ಪೆಯ ಅಂಚಿನ ಎಣ್ಣೆ ಗ್ರಂಥಿಗಳು ಬಿಸಿಗೆ ಸಡಿಲವಾಗುತ್ತವೆ. ಆ ಎಣ್ಣೆ ಇದ್ದರೆ ಕಣ್ಣೀರು ಬೇಗ ಆರುವುದಿಲ್ಲ.

ನಮ್ಮದು ಚಿತ್ರದುರ್ಗ. ಬೆಟ್ಟದ ಮೇಲೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ, ಸಾಲದ್ದಕ್ಕೆ ಧೂಳು. ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿದ್ದೇವೆ. ಹೊರಗೆ ಹೊರಟರೆ ಬೈಕಿನವರು ಹಾಕುವ, ಪಕ್ಕದಲ್ಲೂ ಮುಚ್ಚುವ ಕನ್ನಡಕ. ಅವರಿಗೆ ಬೆಳಕು ಚುಚ್ಚುತ್ತದೆ, ಅದಕ್ಕೂ ಆಯಿತು.

ಪಕ್ಕದ ಮನೆಯ ಅಜ್ಜಿ ಈಗಲೂ ನಂದಿಬಟ್ಟಲು ಹೂ ಕಿತ್ತು ತರುತ್ತಾರೆ. ಹೂ ದೇವರಿಗೆ ಹೋಗುತ್ತದೆ. ಅದರ ರಸವಾಗಲಿ, ಹರಳೆಣ್ಣೆಯಾಗಲಿ ಕಣ್ಣಿಗೆ ಬಿಡುವುದಿಲ್ಲ. ಒಣಗಿದ ಕಣ್ಣಿಗೆ ಸೋಂಕು ತಗುಲಿದರೆ ಹುಣ್ಣಾಗುತ್ತದೆ. ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ, ನೋವು ದಿಢೀರನೆ ಏರಿದರೆ, ದೃಷ್ಟಿ ಮಸುಕಾದರೆ ಅವತ್ತೇ ಡಾಕ್ಟರ್ ಹತ್ತಿರ ಓಡಬೇಕು.

ಮಾತ್ರೆಗಳ ಚೀಟಿಯನ್ನೂ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಕೆಲವು ಅಲರ್ಜಿ ಮಾತ್ರೆಗಳು ಕಣ್ಣನ್ನು ಇನ್ನಷ್ಟು ಒಣಗಿಸುತ್ತವೆ. ನಾವೇ ನಿಲ್ಲಿಸಬಾರದು, ನರರೋಗ ತಜ್ಞರನ್ನು ಕೇಳಬೇಕು. ನಮ್ಮವರ ಅಲರ್ಜಿ ಮಾತ್ರೆ ಹಾಗೆ ಕೇಳಿದ ಮೇಲೆಯೇ ನಿಂತಿತು. ಇಷ್ಟಕ್ಕೂ ಬಗ್ಗದಿದ್ದರೆ ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಪುಟ್ಟ ಬಿರಡೆ ಇಡುತ್ತಾರೆ. ರೆಪ್ಪೆ ಬಿಗಿದು ತೆರೆಯಲಾಗದಿದ್ದರೆ ಬಿಗಿತ ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ. ನಮಗೆ ಸದ್ಯಕ್ಕೆ ಎರಡೂ ಬೇಕಾಗಿಲ್ಲ.